ಸುತ್ತೋಲೆ ಹೊರಡಿಸುವ ಮುನ್ನ ವಾರ್ಡಿಗೆ ಬನ್ನಿ: ಆರೋಗ್ಯ ಸೇವೆಯ ಹೊಣೆ ಹೊತ್ತವರಿಗೆ ಒಂದು ಬಹಿರಂಗ ಪತ್ರ

ಆರೋಗ್ಯ ಇಲಾಖೆಗಳ ಸಚಿವರು ಮತ್ತು ಕಾರ್ಯದರ್ಶಿಗಳಿಗೆ, ಆಸ್ಪತ್ರೆಗಳ ಆಡಳಿತ ಮಂಡಳಿಗಳಿಗೆ, ಖರೀದಿ ಸಮಿತಿಗಳ ಸದಸ್ಯರಿಗೆ,

ಮಾನ್ಯರೇ,

ಗುಣವಾಗಲೆಂದು ಬಂದ ರೋಗಿಗೆ ಚಿಕಿತ್ಸೆಯಿಂದಲೇ ಹಾನಿಯಾದಾಗ ಮುಂದೆ ನಡೆಯುವುದು ಎಲ್ಲ ಕಡೆಯೂ ಹೆಚ್ಚುಕಡಿಮೆ ಒಂದೇ. ವಿಚಾರಣಾ ಸಮಿತಿಯೊಂದು ನೇಮಕವಾಗುತ್ತದೆ. ಆ ಹೊತ್ತಿನಲ್ಲಿ ಕರ್ತವ್ಯದಲ್ಲಿದ್ದವರು ಯಾರೆಂಬುದು ಪತ್ತೆಯಾಗುತ್ತದೆ. ವರದಿಯಲ್ಲಿ ‘ಸಿಬ್ಬಂದಿಯ ನಿರ್ಲಕ್ಷ್ಯ’ ಎಂಬ ಮಾತು ಬರುತ್ತದೆ. ಒಬ್ಬರ ಮೇಲೆ ಶಿಸ್ತುಕ್ರಮವಾಗುತ್ತದೆ, ಉಳಿದವರಿಗೆ ‘ಇನ್ನು ಮುಂದೆ ಹೆಚ್ಚಿನ ಎಚ್ಚರ ವಹಿಸತಕ್ಕದ್ದು’ ಎಂಬ ಸುತ್ತೋಲೆ ತಲುಪುತ್ತದೆ. ಕೆಲವು ತಿಂಗಳು ಕಳೆಯುವಷ್ಟರಲ್ಲಿ ಅದೇ ತಪ್ಪು ಇನ್ನೊಂದು ವಾರ್ಡಿನಲ್ಲಿ, ಇನ್ನೊಬ್ಬರ ಕೈಯಿಂದ ಆಗುತ್ತದೆ. ಆಸ್ಪತ್ರೆಗಳ ಒಳಗೆ ಕೆಲಸ ಹೇಗೆ ನಡೆಯುತ್ತದೆ ಎಂಬುದನ್ನು ಗಮನಿಸಿ, ಆ ಕೆಲಸ ಮಾಡುವವರ ಜೊತೆ ಕುಳಿತು ಅದನ್ನು ಸುಲಭವೂ ಸುರಕ್ಷಿತವೂ ಆಗುವಂತೆ ತಿದ್ದುವುದು ನನ್ನ ವೃತ್ತಿ; ಇದನ್ನು ವಿನ್ಯಾಸ ಸಂಶೋಧನೆ ಎನ್ನುತ್ತಾರೆ. ಆ ಅನುಭವದ ಆಧಾರದ ಮೇಲೆ ತಮ್ಮಲ್ಲಿ ಒಂದು ಮನವಿ ಮಾಡಿಕೊಳ್ಳುತ್ತಿದ್ದೇನೆ. ಉಪಕರಣ ಕೊಳ್ಳುವ ಮುನ್ನ, ತಂತ್ರಾಂಶ ಅಳವಡಿಸುವ ಮುನ್ನ, ವಾರ್ಡಿನ ನಕ್ಷೆಗೆ ಸಹಿ ಹಾಕುವ ಮುನ್ನ, ಸುತ್ತೋಲೆ ಹೊರಡಿಸುವ ಮುನ್ನ, ಆ ಕೆಲಸ ಈಗ ನಿಜವಾಗಿ ಹೇಗೆ ನಡೆಯುತ್ತಿದೆ ಎಂಬುದನ್ನು ಅದು ನಡೆಯುವ ಜಾಗದಲ್ಲೇ, ಅದು ನಡೆಯುವ ಹೊತ್ತಿನಲ್ಲೇ ಅಧ್ಯಯನ ಮಾಡಿಸಬೇಕು, ಆ ಅಧ್ಯಯನದ ಮಾತಿಗೆ ನಿರ್ಧಾರಗಳನ್ನು ಬದಲಾಯಿಸುವ ಅಧಿಕಾರವಿರಬೇಕು.

ಸಮಸ್ಯೆ ಎಷ್ಟು ದೊಡ್ಡದೆಂಬುದು ತಮಗೆ ತಿಳಿಯದ ವಿಷಯವಲ್ಲ. ಅಮೆರಿಕದ ಆಸ್ಪತ್ರೆಗಳಲ್ಲಿ ತಡೆಯಬಹುದಾಗಿದ್ದ ತಪ್ಪುಗಳಿಂದ ವರ್ಷಕ್ಕೆ 44,000ದಿಂದ 98,000 ಜನ ಸಾಯುತ್ತಿದ್ದಾರೆಂದು ಅಲ್ಲಿನ ಇನ್‌ಸ್ಟಿಟ್ಯೂಟ್ ಆಫ್ ಮೆಡಿಸಿನ್ 1999ರಲ್ಲೇ ಅಂದಾಜು ಮಾಡಿತ್ತು. ಇಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುವಂತೆ, ಚಿಕಿತ್ಸೆ ಪಡೆಯುವ ಸುಮಾರು ಹತ್ತು ಜನರಲ್ಲಿ ಒಬ್ಬರಿಗೆ ಚಿಕಿತ್ಸೆಯ ಸಂದರ್ಭದಲ್ಲೇ ಏನಾದರೊಂದು ಹಾನಿಯಾಗುತ್ತದೆ, ಅಸುರಕ್ಷಿತ ಚಿಕಿತ್ಸೆಯಿಂದ ಜಗತ್ತಿನಲ್ಲಿ ವರ್ಷಕ್ಕೆ 30 ಲಕ್ಷಕ್ಕೂ ಹೆಚ್ಚು ಜನ ಪ್ರಾಣ ಕಳೆದುಕೊಳ್ಳುತ್ತಾರೆ, ಈ ಹಾನಿಯಲ್ಲಿ ಅರ್ಧಕ್ಕೂ ಹೆಚ್ಚು ಭಾಗವನ್ನು ತಡೆಯಬಹುದಾಗಿದ್ದು ಅದರಲ್ಲೂ ಅರ್ಧದಷ್ಟು ಔಷಧಗಳಿಗೆ ಸಂಬಂಧಿಸಿದ್ದು. ಇಷ್ಟೆಲ್ಲ ಹಾನಿಗೆ ಅಜಾಗರೂಕ ಮನುಷ್ಯರೇ ಕಾರಣ ಎಂದು ನಂಬಬೇಕಾದರೆ, ಜಗತ್ತಿನ ಎಲ್ಲ ದೇಶಗಳೂ ಅಜಾಗರೂಕರನ್ನೇ ಹುಡುಕಿ ಆಸ್ಪತ್ರೆಗಳಿಗೆ ನೇಮಿಸಿಕೊಂಡಿವೆ ಎಂದು ನಂಬಬೇಕಾಗುತ್ತದೆ. ನಾನು ವಾರ್ಡುಗಳಲ್ಲಿ ಕಂಡ ಜನ ಅಂಥವರಲ್ಲ.

ವಿನ್ಯಾಸ ಎಂದೊಡನೆ ಗೋಡೆಯ ಬಣ್ಣ, ಸ್ವಾಗತ ಕೊಠಡಿಯ ಸೋಫಾ, ಆಸ್ಪತ್ರೆಯ ಲಾಂಛನ ನೆನಪಿಗೆ ಬರುವುದು ಸಹಜ. ನಾನು ಹೇಳುತ್ತಿರುವುದು ಅದನ್ನಲ್ಲ. ಔಷಧದ ಡಬ್ಬಿಯ ಮೇಲಿನ ಅಕ್ಷರ, ಪಂಪಿನ ಮೇಲಿನ ಗುಂಡಿ, ಎರಡು ಕೊಳವೆಗಳು ಒಂದಕ್ಕೊಂದು ಸೇರುವ ತುದಿ, ಕೇಸ್ ಶೀಟಿನ ಖಾಲಿ ಕಲಂ, ಪಾಳಿ ಬದಲಾಗುವಾಗ ಒಬ್ಬರು ಇನ್ನೊಬ್ಬರಿಗೆ ಹೇಳುವ ಮಾತಿನ ಕ್ರಮ, ರೋಗಿ ಮನೆಗೆ ಒಯ್ಯುವ ಚೀಟಿ ಇವೆಲ್ಲವೂ ಯಾರೋ ಒಬ್ಬರು ಎಂದೋ ತೀರ್ಮಾನಿಸಿ ಮಾಡಿದವು. ಹಲವು ಬಾರಿ ಆ ತೀರ್ಮಾನ ಮಾಡಿದವರು ಅವನ್ನು ಬಳಸುವ ಜಾಗವನ್ನು ನೋಡಿಯೇ ಇರುವುದಿಲ್ಲ. ವಿನ್ಯಾಸ ಸಂಶೋಧನೆಯೆಂದರೆ ಬಳಸುವವರ ಪಕ್ಕದಲ್ಲಿ ನಿಂತು ನೋಡುವುದು, ಅವರನ್ನು ಕೇಳುವುದು, ತಪ್ಪಿಗೆ ಎಡೆ ಮಾಡಿಕೊಡುವ ಜಾಗಗಳನ್ನು ಗುರುತಿಸುವುದು, ಬದಲಿ ಮಾದರಿಗಳನ್ನು ಅಗ್ಗದಲ್ಲಿ ಮಾಡಿ ಅವರ ಕೈಗೇ ಕೊಟ್ಟು ಪರೀಕ್ಷಿಸುವುದು, ಬದಲಾವಣೆಯಿಂದ ನಿಜವಾಗಿ ಒಳಿತಾಯಿತೇ ಎಂದು ಅಳೆಯುವುದು. ಇದು ವೈದ್ಯಕೀಯಕ್ಕೆ ಹೊರಗಿನಿಂದ ಬಂದ ಅಲಂಕಾರವಲ್ಲ. ರೋಗನಿರ್ಣಯಕ್ಕೆ ಮೊದಲು ಪರೀಕ್ಷೆ ಮಾಡಬೇಕೆಂಬ ವೈದ್ಯಕೀಯದ ನಿಯಮವನ್ನೇ ಆಸ್ಪತ್ರೆಯ ಕೆಲಸಕ್ಕೂ ಅನ್ವಯಿಸುವುದು ಅಷ್ಟೆ.

ಸಂಜೆ ವಾರ್ಡಿನಲ್ಲಿ ಔಷಧ ಹಂಚುವ ಸುತ್ತನ್ನು ತಾವು ಒಮ್ಮೆಯಾದರೂ ಆರಂಭದಿಂದ ಕೊನೆಯವರೆಗೆ ಜೊತೆಗಿದ್ದು ನೋಡಬೇಕು. ನರ್ಸ್ ಟ್ರಾಲಿಯನ್ನು ಹಾಸಿಗೆಯ ಹತ್ತಿರ ನಿಲ್ಲಿಸಿ, ಚೀಟಿಯಲ್ಲಿರುವ ಹೆಸರು ಓದಿ, ಮಾತ್ರೆಯ ಪಟ್ಟಿಯನ್ನು ಕೈಗೆತ್ತಿಕೊಂಡಿರುತ್ತಾರೆ. ಅಷ್ಟರಲ್ಲಿ ಎದುರಿನ ಹಾಸಿಗೆಯವರು ನೀರು ಕೇಳುತ್ತಾರೆ. ಪಟ್ಟಿಯನ್ನು ಟ್ರಾಲಿಯ ಮೇಲಿಟ್ಟು ನೀರು ಕೊಟ್ಟು ಬರುವಾಗ ಫೋನು ಹೊಡೆದುಕೊಳ್ಳುತ್ತದೆ. ಪ್ರಯೋಗಾಲಯದವರು ಹೇಳುವ ಅಂಕಿಯನ್ನು ಬರೆದುಕೊಳ್ಳಲು ಕಾಗದ ಸಿಗದೆ ಕೈಗವಸಿನ ಪೆಟ್ಟಿಗೆಯ ಮೇಲೆ ಬರೆದುಕೊಳ್ಳುತ್ತಾರೆ. ಮರಳಿ ಟ್ರಾಲಿಯ ಬಳಿ ಬಂದಾಗ ಒಂದೇ ಕಂಪನಿಯ, ಒಂದೇ ಬಣ್ಣದ, ಒಂದೇ ಅಳತೆಯ ಎರಡು ಪಟ್ಟಿಗಳು ಅಕ್ಕಪಕ್ಕ ಬಿದ್ದಿರುತ್ತವೆ. ಔಷಧದ ಹೆಸರು ಹಿಂಬದಿಯ ಹೊಳೆಯುವ ಹಾಳೆಯ ಮೇಲಿದ್ದು, ಮೇಲಿನ ಟ್ಯೂಬ್‌ಲೈಟ್ ಅದರ ಮೇಲೆ ಬಿದ್ದು ಓದಲಾಗದಂತೆ ಪ್ರತಿಫಲಿಸುತ್ತದೆ. ಈಗ ಅವರು ಪಟ್ಟಿಯನ್ನು ಓರೆ ಮಾಡಿ, ಬೆಳಕಿನಿಂದ ಮರೆಮಾಡಿ ಓದುತ್ತಾರೆ. ಸರಿಯಾದುದನ್ನೇ ತೆಗೆದುಕೊಳ್ಳುತ್ತಾರೆ. ಪ್ರತಿದಿನವೂ, ಬಹುತೇಕ ಎಲ್ಲ ಬಾರಿಯೂ ಅವರು ಸರಿಯಾದುದನ್ನೇ ತೆಗೆದುಕೊಳ್ಳುತ್ತಾರೆ ಎಂಬುದೇ ನನಗೆ ಅಚ್ಚರಿ. ವ್ಯವಸ್ಥೆಯ ದೋಷಗಳನ್ನು ಆ ಕೈಗಳು ಹಗಲಿರುಳು ಸರಿದೂಗಿಸುತ್ತಿವೆ, ಆ ದುಡಿಮೆ ಯಾವ ಕಡತದಲ್ಲೂ ದಾಖಲಾಗುವುದಿಲ್ಲ.

ಇಂಥ ಅಡಚಣೆಗಳ ಬೆಲೆಯನ್ನು ಅಳೆದು ತೋರಿಸಿದ್ದಾರೆ. ಸಿಡ್ನಿಯ ಎರಡು ಆಸ್ಪತ್ರೆಗಳಲ್ಲಿ ಜೊಹಾನಾ ವೆಸ್ಟ್‌ಬ್ರೂಕ್ ಮತ್ತು ಸಂಗಡಿಗರು 98 ನರ್ಸ್‌ಗಳು ಔಷಧ ಕೊಟ್ಟ 4,271 ಸಂದರ್ಭಗಳನ್ನು ಪಕ್ಕದಲ್ಲಿದ್ದು ಗಮನಿಸಿ 2010ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಒಂದೊಂದು ಅಡಚಣೆಗೂ ವೈದ್ಯಕೀಯ ತಪ್ಪುಗಳು ಶೇ 12.7ರಷ್ಟು ಹೆಚ್ಚುತ್ತವೆ. ಹಾಗೆಂದು ‘ತೊಂದರೆ ಕೊಡಬೇಡಿ’ ಎಂದು ಬರೆದ ಮೇಲಂಗಿಯನ್ನು ನರ್ಸ್‌ಗಳಿಗೆ ತೊಡಿಸಿದರೆ ಮುಗಿಯಿತೇ? ಅದನ್ನೂ ಪರೀಕ್ಷಿಸಿ ನೋಡಿದ್ದಾರೆ. ಅನಗತ್ಯ ಅಡಚಣೆ ಸ್ವಲ್ಪ ಕಡಿಮೆಯಾಯಿತು, ಆದರೆ ಮೇಲಂಗಿ ಸೆಕೆಯಾಗುತ್ತದೆ, ಹಾಕಿ ಬಿಚ್ಚುವುದಕ್ಕೇ ಹೊತ್ತು ಹೋಗುತ್ತದೆ ಎಂದು ಬಹಳಷ್ಟು ನರ್ಸ್‌ಗಳು ಅದನ್ನು ಕಾಯಂ ಮಾಡಲು ಒಪ್ಪಲಿಲ್ಲ. ಪರಿಹಾರವನ್ನೂ ಸಮಸ್ಯೆಯಷ್ಟೇ ಶ್ರದ್ಧೆಯಿಂದ ಅಧ್ಯಯನ ಮಾಡಬೇಕು ಎನ್ನಲು ಇದಕ್ಕಿಂತ ಬೇರೆ ಸಾಕ್ಷಿ ಬೇಡ.

ಇನ್ನೊಂದು ಉದಾಹರಣೆಯನ್ನು ತಂತ್ರಜ್ಞಾನದ ಮೇಲೆ ವಿಶ್ವಾಸವಿಟ್ಟವರು ಗಮನಿಸಬೇಕು. ರೋಗಿಯ ಮಣಿಕಟ್ಟಿನ ಪಟ್ಟಿ ಮತ್ತು ಔಷಧ, ಎರಡರ ಬಾರ್‌ಕೋಡನ್ನೂ ಸ್ಕ್ಯಾನ್ ಮಾಡಿದ ನಂತರವೇ ಔಷಧ ಕೊಡಬೇಕೆಂಬ ವ್ಯವಸ್ಥೆ ಕೇಳಲು ದೋಷರಹಿತವಾಗಿದೆ. ಅಮೆರಿಕದ ರಾಸ್ ಕೋಪೆಲ್ ಮತ್ತು ಸಹೋದ್ಯೋಗಿಗಳು ಅದು ನಿಜವಾದ ವಾರ್ಡುಗಳಲ್ಲಿ ಹೇಗೆ ನಡೆಯುತ್ತದೆಂದು ನೋಡಿ 2008ರಲ್ಲಿ ವರದಿ ಮಾಡಿದಾಗ, ಸಿಬ್ಬಂದಿ ಆ ವ್ಯವಸ್ಥೆಯನ್ನು ತಪ್ಪಿಸಿಕೊಂಡು ಹೋಗುವ 15 ಬಗೆಯ ಅಡ್ಡದಾರಿಗಳು, ಅವುಗಳ ಹಿಂದೆ 31 ಬಗೆಯ ಕಾರಣಗಳು ಕಂಡುಬಂದವು. ರೋಗಿಗಳ ಬಾರ್‌ಕೋಡಿನ ಹೆಚ್ಚುವರಿ ಪ್ರತಿಗಳನ್ನು ಕಂಪ್ಯೂಟರ್ ಟ್ರಾಲಿಗೆ, ಬಾಗಿಲ ಚೌಕಟ್ಟಿಗೆ, ಸೊಂಟದ ಉಂಗುರಕ್ಕೆ ಅಂಟಿಸಿಕೊಂಡು ಅಲ್ಲಿಂದಲೇ ಸ್ಕ್ಯಾನ್ ಮಾಡುತ್ತಿದ್ದರು. ಏಕೆ? ಮಣಿಕಟ್ಟಿನ ಪಟ್ಟಿ ಒದ್ದೆಯಾಗಿ ಅಥವಾ ಸುಕ್ಕಾಗಿ ಓದಲಾಗದಂತಾಗಿರುತ್ತಿತ್ತು, ಸ್ಕ್ಯಾನರಿನ ಬ್ಯಾಟರಿ ಮುಗಿದಿರುತ್ತಿತ್ತು, ನಿಸ್ತಂತು ಸಂಪರ್ಕ ಕಡಿಯುತ್ತಿತ್ತು, ಕೆಲವು ಔಷಧಗಳಿಗೆ ಬಾರ್‌ಕೋಡೇ ಇರುತ್ತಿರಲಿಲ್ಲ. ಮೇಲಧಿಕಾರಿಗಳ ಪರದೆಯ ಮೇಲೆ ಎಲ್ಲವೂ ಹಸಿರಾಗಿ ಕಾಣುವಾಗ ಸುರಕ್ಷತೆಗೆಂದು ಮಾಡಿದ ವ್ಯವಸ್ಥೆಯೇ ಹೊಸ ಅಪಾಯಕ್ಕೆ ದಾರಿ ಮಾಡಿತ್ತು. ಅದೇ ಸಂಶೋಧಕರು 2005ರಲ್ಲಿ ವೈದ್ಯರು ಔಷಧ ಸೂಚಿಸುವ ಗಣಕ ವ್ಯವಸ್ಥೆಯನ್ನು ಪರಿಶೀಲಿಸಿದಾಗ ಅದು 22 ಬಗೆಯ ತಪ್ಪುಗಳಿಗೆ ಅವಕಾಶ ಕೊಡುತ್ತಿರುವುದನ್ನು ಕಂಡಿದ್ದರು. ಒಬ್ಬ ರೋಗಿಯ ಎಲ್ಲ ಔಷಧಗಳನ್ನು ನೋಡಲು ಕೆಲವೊಮ್ಮೆ 20 ಪರದೆಗಳನ್ನು ತೆರೆಯಬೇಕಾಗುತ್ತಿತ್ತು. ಅಡ್ಡದಾರಿ ಹಿಡಿದವರನ್ನು ಶಿಕ್ಷಿಸುವ ಮುನ್ನ ಮುಖ್ಯ ದಾರಿ ಏಕೆ ನಡೆಯಲಾಗದಂತಿದೆ ಎಂದು ಕೇಳಬೇಕಾದ ಸ್ಥಾನದಲ್ಲಿ ತಾವಿದ್ದೀರಿ.

ಹಾಗೆ ಕೇಳದಿದ್ದರೆ ಏನಾಗುತ್ತದೆಂಬುದಕ್ಕೆ 2017ರ ಡಿಸೆಂಬರಿನಲ್ಲಿ ಅಮೆರಿಕದ ಟೆನ್ನೆಸಿ ರಾಜ್ಯದಲ್ಲಿ ನಡೆದ ಸಾವು ಉದಾಹರಣೆ. ಆತಂಕ ತಗ್ಗಿಸುವ ಮಿಡಜೋಲಮ್ ತರಲು ಹೋದ ನರ್ಸ್, ಔಷಧ ವಿತರಿಸುವ ಯಂತ್ರದಲ್ಲಿ ಅದರ ವ್ಯಾಪಾರಿ ಹೆಸರಿನ ಮೊದಲ ಎರಡು ಅಕ್ಷರಗಳನ್ನು ಒತ್ತಿದರು. ಯಂತ್ರ ಹುಡುಕುತ್ತಿದ್ದದ್ದು ಔಷಧಗಳ ಮೂಲ ಹೆಸರುಗಳನ್ನು. ಅದೇ ಎರಡು ಅಕ್ಷರಗಳಿಂದ ಆರಂಭವಾಗುವ ವೆಕುರೋನಿಯಂ, ಅಂದರೆ ಉಸಿರಾಟದ ಸ್ನಾಯುಗಳನ್ನೂ ನಿಷ್ಕ್ರಿಯಗೊಳಿಸುವ ಔಷಧ, ಹೊರಬಂತು. ಅದನ್ನೇ ಕೊಡಲಾಯಿತು. ಆ ನರ್ಸ್ ಹಲವು ಎಚ್ಚರಿಕೆಗಳನ್ನು ದಾಟಿ ಮುಂದುವರಿದದ್ದು ನಿಜ, ಬಾಟಲಿಯ ಮುಚ್ಚಳದ ಮೇಲಿದ್ದ ಸೂಚನೆಯೂ ಅವುಗಳಲ್ಲೊಂದು. ಮೃತರ ಕುಟುಂಬದ ನೋವನ್ನು ಯಾವ ವಾದವೂ ಚಿಕ್ಕದು ಮಾಡಬಾರದು. 2022ರಲ್ಲಿ ನ್ಯಾಯಾಲಯ ಆಕೆಯನ್ನು ತಪ್ಪಿತಸ್ಥೆಯೆಂದು ಘೋಷಿಸಿತು. ಆದರೆ ಕೇವಲ ಎರಡು ಅಕ್ಷರಕ್ಕೆ ಅಂಥ ಔಷಧವನ್ನು ಹೊರಹಾಕುವ ಯಂತ್ರವನ್ನು ಆಕೆ ಮಾಡಿದ್ದಲ್ಲ. ಕನಿಷ್ಠ ಐದು ಅಕ್ಷರಗಳನ್ನು ಒತ್ತಿದ ಮೇಲೆಯೇ ಔಷಧಗಳ ಹೆಸರು ಕಾಣಿಸಬೇಕು ಎಂಬುದು ಔಷಧ ಸುರಕ್ಷತಾ ತಜ್ಞರ ಶಿಫಾರಸು. ಎಚ್ಚರಿಕೆಗಳ ವಿಷಯವೂ ಅಷ್ಟೆ: ರೋಗಿಯ ಪಕ್ಕದ ಯಂತ್ರಗಳು ಕೂಗುವ ಸದ್ದುಗಳಲ್ಲಿ ಶೇ 85ರಿಂದ 99ರಷ್ಟಕ್ಕೆ ಯಾವ ಚಿಕಿತ್ಸಾ ಕ್ರಮವೂ ಬೇಕಿರುವುದಿಲ್ಲ ಎಂದು ಅಮೆರಿಕದ ಆಸ್ಪತ್ರೆಗಳಿಗೆ ಮಾನ್ಯತೆ ನೀಡುವ ಜಾಯಿಂಟ್ ಕಮಿಷನ್ 2013ರಲ್ಲಿ ಹೇಳಿತು. ನೂರು ಸಲ ಸುಳ್ಳಾಗಿ ಕೂಗಿದ ಯಂತ್ರದ ನೂರೊಂದನೆಯ ಕೂಗಿಗೆ ಕಿವಿಗೊಡಲಿಲ್ಲವೆಂದು ಮನುಷ್ಯರನ್ನು ದೂರುವುದು ಸುಲಭ, ಆದರೆ ಅದರಿಂದ ಮುಂದಿನ ರೋಗಿಗೆ ಯಾವ ರಕ್ಷಣೆಯೂ ಸಿಗುವುದಿಲ್ಲ.

ವಸ್ತುವಿನ ಆಕಾರವೇ ತಪ್ಪನ್ನು ತಡೆಯುವುದು ಸಾಧ್ಯ ಎಂಬುದು ಹೊಸ ಕಲ್ಪನೆಯಲ್ಲ. ಅರಿವಳಿಕೆ ಯಂತ್ರಕ್ಕೆ ಜೋಡಿಸುವ ಸಣ್ಣ ಅನಿಲ ಸಿಲಿಂಡರುಗಳ ಕವಾಟದಲ್ಲಿ ನಿಗದಿತ ಜಾಗದಲ್ಲಿ ಎರಡು ರಂಧ್ರಗಳಿರುತ್ತವೆ, ಯಂತ್ರದಲ್ಲಿ ಅವಕ್ಕೆ ಹೊಂದುವ ಎರಡು ಮೊಳೆಗಳಿರುತ್ತವೆ. ಆಮ್ಲಜನಕಕ್ಕೆ 2 ಮತ್ತು 5ನೆಯ ಸ್ಥಾನ, ನೈಟ್ರಸ್ ಆಕ್ಸೈಡಿಗೆ 3 ಮತ್ತು 5ನೆಯ ಸ್ಥಾನ. ಕತ್ತಲಲ್ಲಿ, ಆತುರದಲ್ಲಿ, ಅನುಭವವಿಲ್ಲದವರು ಜೋಡಿಸಲು ಹೋದರೂ ಆಮ್ಲಜನಕದ ಜಾಗದಲ್ಲಿ ಬೇರೆ ಅನಿಲದ ಸಿಲಿಂಡರು ಕೂರುವುದಿಲ್ಲ. ಇದಕ್ಕೆ ತದ್ವಿರುದ್ಧವಾದದ್ದು ಸಿರಿಂಜ್ ಮತ್ತು ಸೂಜಿಯನ್ನು ಸೇರಿಸುವ ಲೂಯರ್ ತುದಿಯ ಕಥೆ. ಅದು ಎಲ್ಲದಕ್ಕೂ ಹೊಂದುತ್ತದೆ, ಅದೇ ಅದರ ಅನುಕೂಲ, ಅದೇ ಅದರ ಅಪಾಯ. ಕ್ಯಾನ್ಸರ್ ಚಿಕಿತ್ಸೆಯಲ್ಲಿ ಬಳಸುವ ವಿನ್‌ಕ್ರಿಸ್ಟೀನ್ ರಕ್ತನಾಳಕ್ಕೆ ಮಾತ್ರ ಕೊಡಬೇಕಾದ ಔಷಧ. ಬೆನ್ನುಹುರಿಯ ದ್ರವಕ್ಕೆ ಸೇರಿದರೆ ಬಹುತೇಕ ಸಾವು ಖಚಿತ. ಅದೇ ರೋಗಿಗೆ ಅದೇ ದಿನ ಬೆನ್ನುಹುರಿಗೆ ಕೊಡಬೇಕಾದ ಇನ್ನೊಂದು ಔಷಧವೂ ಸಿರಿಂಜಿನಲ್ಲೇ ಬರುತ್ತಿದ್ದುದರಿಂದ ಹಲವು ದೇಶಗಳಲ್ಲಿ ಇವು ಅದಲುಬದಲಾದವು, ಮಕ್ಕಳೂ ಯುವಕರೂ ಸತ್ತರು. ಪ್ರತಿ ಸಾವಿನ ನಂತರವೂ ನಿಯಮಗಳು ಬಿಗಿಯಾದವು, ಲೇಬಲ್‌ಗಳ ಮೇಲಿನ ಅಕ್ಷರಗಳು ದಪ್ಪವಾದವು, ತರಬೇತಿಗಳು ನಡೆದವು, ಸಾವುಗಳು ನಿಲ್ಲಲಿಲ್ಲ. ವಿನ್‌ಕ್ರಿಸ್ಟೀನನ್ನು ಸಿರಿಂಜಿನ ಬದಲು ಸಣ್ಣ ಚೀಲದಲ್ಲಿ ಸಿದ್ಧಪಡಿಸಿ ಡ್ರಿಪ್ ಮೂಲಕವೇ ಕೊಡಿ ಎಂದು ವಿಶ್ವ ಆರೋಗ್ಯ ಸಂಸ್ಥೆ 2007ರಲ್ಲಿ ಹೇಳಿತು, ಏಕೆಂದರೆ ಅಷ್ಟು ದ್ರವವಿರುವ ಚೀಲವನ್ನು ಯಾರೂ ಬೆನ್ನುಹುರಿಗೆ ಕೊಡಲು ಹೋಗುವುದಿಲ್ಲ. ಬೆನ್ನುಹುರಿಯ ಸೂಜಿಗಳಿಗೇ ಪ್ರತ್ಯೇಕ ತುದಿಯನ್ನು ಗೊತ್ತುಪಡಿಸುವ ಐಎಸ್‌ಒ 80369-6 ಮಾನದಂಡ ಹೊರಬಂದದ್ದು 2016ರಲ್ಲಿ. ಇಷ್ಟು ತಡವಾದದ್ದು ನನ್ನನ್ನು ಇಂದಿಗೂ ನೋಯಿಸುತ್ತದೆ. ಒಂದು ಪ್ಲಾಸ್ಟಿಕ್ ತುದಿಯ ವ್ಯಾಸ ಬದಲಾಯಿಸಬೇಕೆಂದು ಎಲ್ಲರಿಗೂ ಗೊತ್ತಿದ್ದೂ, ಅದನ್ನು ಬದಲಾಯಿಸುವುದು ತನ್ನ ಕೆಲಸ ಎಂದು ಹೇಳುವವರಿಲ್ಲದೆ ವರ್ಷಗಳು ಕಳೆದವು. ತಮ್ಮ ಆಸ್ಪತ್ರೆಗಳ ದಾಸ್ತಾನಿನಲ್ಲಿ ಇಂದು ಯಾವ ತುದಿಯ ಸೂಜಿಗಳಿವೆ ಎಂಬುದನ್ನು ಈ ಪತ್ರ ಓದಿದ ದಿನವೇ ವಿಚಾರಿಸಬೇಕೆಂದು ಕೋರುತ್ತೇನೆ.

ಅರಿವಳಿಕೆ ಇಂದು ಅಷ್ಟು ಸುರಕ್ಷಿತವಾಗಿರುವುದರ ಹಿಂದೆ ಇಂಥದೇ ಸಂಶೋಧನೆಯ ಪಾಲಿದೆ. ಬಾಸ್ಟನ್ನಿನ ಮ್ಯಾಸಚೂಸೆಟ್ಸ್ ಜನರಲ್ ಆಸ್ಪತ್ರೆಯ ಎಂಜಿನಿಯರ್ ಜೆಫ್ರಿ ಕೂಪರ್ ಮತ್ತು ಸಂಗಡಿಗರು, ಸಾವು ಸಂಭವಿಸುವವರೆಗೆ ಕಾಯದೆ, ಕೂದಲೆಳೆಯಲ್ಲಿ ತಪ್ಪಿದ ಅನಾಹುತಗಳ ಬಗ್ಗೆ ಅರಿವಳಿಕೆ ತಜ್ಞರನ್ನು ಕೂರಿಸಿಕೊಂಡು ಕೇಳಿದರು. 1978ರಲ್ಲಿ ಪ್ರಕಟವಾದ ಆ ಕೆಲಸದಲ್ಲಿ 359 ಘಟನೆಗಳ ವಿವರವಿತ್ತು, ಬಹುಪಾಲು ಮನುಷ್ಯರ ತಪ್ಪುಗಳೇ. ಆದರೆ ಅವರು ‘ಮನುಷ್ಯರ ತಪ್ಪು’ ಎಂಬಲ್ಲಿಗೆ ನಿಲ್ಲದೆ, ಕೊಳವೆ ಕಳಚಿಕೊಳ್ಳುವುದು, ಅನಿಲದ ಹರಿವಿನ ಗುಂಡಿಯನ್ನು ತಪ್ಪಾಗಿ ತಿರುಗಿಸುವುದು, ಸಿರಿಂಜುಗಳು ಅದಲುಬದಲಾಗುವುದು ಹೀಗೆ ತಪ್ಪು ನಡೆದ ಜಾಗವನ್ನು ಹೆಸರಿಸಿದರು. ಹೆಸರಿಸಿದ್ದರಿಂದ ತಿದ್ದಲು ಸಾಧ್ಯವಾಯಿತು. ಹೇಳಿದವರಿಗೆ ಶಿಕ್ಷೆಯ ಭಯವಿದ್ದಿದ್ದರೆ ಆ ಘಟನೆಗಳಲ್ಲಿ ಒಂದೂ ಹೊರಬರುತ್ತಿರಲಿಲ್ಲ.

ಡ್ರಿಪ್ ನಿಯಂತ್ರಿಸುವ ಪಂಪುಗಳ ಬಗ್ಗೆ ಹೆಚ್ಚು ಹೇಳುವುದಿಲ್ಲ. 2005ರಿಂದ 2009ರವರೆಗೆ ಅಮೆರಿಕದ ಆಹಾರ ಮತ್ತು ಔಷಧ ಆಡಳಿತಕ್ಕೆ ಅವುಗಳಿಂದಾದ ಅನಾಹುತಗಳ ಸುಮಾರು 56,000 ವರದಿಗಳು ಬಂದಿದ್ದವು, 87 ಬಾರಿ ಪಂಪುಗಳನ್ನು ಮಾರುಕಟ್ಟೆಯಿಂದ ಹಿಂದಕ್ಕೆ ಕರೆಸಲಾಗಿತ್ತು, ಸಮಸ್ಯೆಗಳಲ್ಲಿ ಹಲವು ವಿನ್ಯಾಸ ಮತ್ತು ಎಂಜಿನಿಯರಿಂಗ್ ಲೋಪಗಳೆಂದು ಆ ಸಂಸ್ಥೆಯೇ ಹೇಳಿತು. ಒಂದೇ ವಾರ್ಡಿನಲ್ಲಿ ಮೂರು ಕಂಪನಿಗಳ ಪಂಪುಗಳು ಇರುವುದನ್ನೂ, ಒಂದರಲ್ಲಿ ನಿಲ್ಲಿಸುವ ಗುಂಡಿ ಇದ್ದ ಜಾಗದಲ್ಲೇ ಇನ್ನೊಂದರಲ್ಲಿ ಆರಂಭಿಸುವ ಗುಂಡಿ ಇರುವುದನ್ನೂ ನಾನು ಕಂಡಿದ್ದೇನೆ. ಟೆಂಡರಿನಲ್ಲಿ ಕಡಿಮೆ ಬೆಲೆ ಕೂಗಿದವರಿಗೆ ಆದೇಶ ಕೊಡುವಾಗ ಆ ಎರಡು ಗುಂಡಿಗಳು ಯಾರ ಲೆಕ್ಕಕ್ಕೂ ಬಂದಿರಲಿಲ್ಲ.

ಸುರಕ್ಷತೆ ಎಂದರೆ ಔಷಧ, ಯಂತ್ರ ಇಷ್ಟೇ ಅಲ್ಲ. ಮಾಹಿತಿ ತಲುಪದಿರುವುದೂ ಹಾನಿ ಮಾಡುತ್ತದೆ. ಅಮೆರಿಕದ ಕೈಸರ್ ಪರ್ಮನೆಂಟೆ ಆಸ್ಪತ್ರೆಗಳಲ್ಲಿ ಪಾಳಿಯ ಮೊದಲ 45 ನಿಮಿಷ ನರ್ಸ್‌ಗಳ ಕೊಠಡಿಯಲ್ಲೇ ಕಳೆದುಹೋಗುತ್ತಿತ್ತು. ಹೋಗುವವರು ಬರುವವರಿಗೆ ಹೇಳುವ ಕ್ರಮ ಒಂದೊಂದು ಕಡೆ ಒಂದೊಂದು ಬಗೆಯಾಗಿತ್ತು, ರೋಗಿಗೆ ಮುಖ್ಯವಾದ ಸಂಗತಿಗಳೇ ಬಿಟ್ಟುಹೋಗುತ್ತಿದ್ದವು. ವಿನ್ಯಾಸಕಾರರು ನರ್ಸ್‌ಗಳ ಜೊತೆ ಸೇರಿ ಅಧ್ಯಯನ ಮಾಡಿ, ಆ ಮಾತುಕತೆಯನ್ನು ರೋಗಿಯ ಹಾಸಿಗೆಯ ಬಳಿಗೇ ತಂದರು, ರೋಗಿಯೂ ಅದರಲ್ಲಿ ಪಾಲ್ಗೊಳ್ಳುವಂತೆ ಮಾಡಿದರು. ನರ್ಸ್ ಬಂದು ರೋಗಿಯನ್ನು ಮೊದಲು ಕಾಣುವವರೆಗಿನ ಅವಧಿ ಅರ್ಧಕ್ಕಿಂತ ಕಡಿಮೆಯಾಯಿತು. ಬ್ರಿಟನ್ನಿನ ತುರ್ತು ಚಿಕಿತ್ಸಾ ವಿಭಾಗಗಳಲ್ಲಿ ಸಿಬ್ಬಂದಿಯ ಮೇಲಿನ ಹಲ್ಲೆ, ಬೈಗುಳಗಳು ಹೆಚ್ಚಿದಾಗ ಅಲ್ಲಿನ ಡಿಸೈನ್ ಕೌನ್ಸಿಲ್ ಇನ್ನಷ್ಟು ಕಾವಲುಗಾರರನ್ನು ಸೂಚಿಸಲಿಲ್ಲ. ಜನ ಏಕೆ ಸಿಡಿಮಿಡಿಗೊಳ್ಳುತ್ತಾರೆ ಎಂದು ಅಧ್ಯಯನ ಮಾಡಿಸಿತು. ತನಗಿಂತ ತಡವಾಗಿ ಬಂದವರನ್ನು ಮೊದಲು ಒಳಗೆ ಕರೆದದ್ದು ಏಕೆ, ಮುಂದೆ ಏನಾಗುತ್ತದೆ, ಇನ್ನೆಷ್ಟು ಹೊತ್ತು ಎಂಬುದು ಕಾಯುವವರಿಗೆ ತಿಳಿಯುತ್ತಿರಲಿಲ್ಲ. ಚಿಕಿತ್ಸೆಯ ಹಂತಗಳನ್ನು ವಿವರಿಸುವ ಫಲಕಗಳನ್ನು ಆಯಾ ಹಂತ ನಡೆಯುವ ಜಾಗದಲ್ಲೇ ಹಾಕಿ ಎರಡು ಆಸ್ಪತ್ರೆಗಳಲ್ಲಿ ಪರೀಕ್ಷಿಸಿದಾಗ ಬೆದರಿಸುವ ವರ್ತನೆ ಅರ್ಧದಷ್ಟು ಇಳಿಯಿತು, ಖರ್ಚು ಮಾಡಿದ ಒಂದೊಂದು ಪೌಂಡಿಗೆ ಮೂರು ಪೌಂಡಿನ ಪ್ರಯೋಜನ ಸಿಕ್ಕಿತು.

ರೋಗಿಗಳನ್ನು ಈ ಕೆಲಸದಲ್ಲಿ ಸಹಭಾಗಿಗಳನ್ನಾಗಿ ಮಾಡಿಕೊಳ್ಳುವ ವಿಧಾನವೂ ಇದೆ. ಪಾಲ್ ಬೇಟ್ ಮತ್ತು ಗ್ಲೆನ್ ರಾಬರ್ಟ್ ಇಂಗ್ಲೆಂಡಿನ ಲೂಟನ್ ಅಂಡ್ ಡನ್‌ಸ್ಟೇಬಲ್ ಆಸ್ಪತ್ರೆಯ ತಲೆ ಮತ್ತು ಕುತ್ತಿಗೆ ಕ್ಯಾನ್ಸರ್ ವಿಭಾಗದಲ್ಲಿ ಆರಂಭಿಸಿದ ಪದ್ಧತಿಯಲ್ಲಿ ರೋಗಿಗಳು ತಮ್ಮ ಅನುಭವವನ್ನು ಕ್ಯಾಮೆರಾದ ಮುಂದೆ ಹೇಳುತ್ತಾರೆ, ಸಿಬ್ಬಂದಿ ಅದನ್ನು ನೋಡುತ್ತಾರೆ, ಆಮೇಲೆ ಇಬ್ಬರೂ ಒಂದೇ ಮೇಜಿನ ಸುತ್ತ ಕುಳಿತು ಏನನ್ನು ಬದಲಾಯಿಸಬೇಕೆಂದು ತೀರ್ಮಾನಿಸುತ್ತಾರೆ. ತೃಪ್ತಿ ಸಮೀಕ್ಷೆಯ ಐದು ನಕ್ಷತ್ರಗಳು ಎಂದೂ ಹೇಳದ ಸಂಗತಿಗಳು ಅಲ್ಲಿ ಹೊರಬರುತ್ತವೆ. ಬಿಡುಗಡೆಯ ಹೊತ್ತಿಗೆ ಕೊಡುವ ಚೀಟಿಯ ಬಗ್ಗೆ ರೋಗಿಗಳೊಡನೆ ಕುಳಿತು ಮಾತಾಡಿದಾಗಲೆಲ್ಲ ನನಗೆ ಇದು ಅನುಭವಕ್ಕೆ ಬಂದಿದೆ. ‘ದಿನಕ್ಕೆ ಮೂರು ಬಾರಿ’ ಎಂದು ಬರೆದಿದ್ದರೆ ಒಬ್ಬರು ಎಂಟು ಗಂಟೆಗೊಮ್ಮೆ ಎಂದುಕೊಂಡು ನಡುರಾತ್ರಿ ಎದ್ದು ನುಂಗುತ್ತಾರೆ, ಇನ್ನೊಬ್ಬರು ಎಚ್ಚರವಿರುವ ಹೊತ್ತಿನಲ್ಲಿ ಮೂರು ಎಂದುಕೊಳ್ಳುತ್ತಾರೆ. ಆಸ್ಪತ್ರೆಗೆ ಬರುವ ಮುನ್ನ ನುಂಗುತ್ತಿದ್ದ ಹಳೆಯ ಮಾತ್ರೆಯನ್ನು ಮುಂದುವರಿಸಬೇಕೋ ನಿಲ್ಲಿಸಬೇಕೋ ಎಂಬುದಕ್ಕೆ ಚೀಟಿಯಲ್ಲಿ ಜಾಗವೇ ಇರುವುದಿಲ್ಲ. ಒಂದೇ ಔಷಧ ಎರಡು ಹೆಸರಿನಲ್ಲಿ ಮನೆಯಲ್ಲಿದ್ದು, ಎರಡನ್ನೂ ನುಂಗುತ್ತಿದ್ದವರು ಸಿಕ್ಕಿದ್ದಾರೆ. ಆ ಚೀಟಿಯನ್ನು ಮುದ್ರಿಸುವ ಮುನ್ನ ಹತ್ತು ಜನ ರೋಗಿಗಳ ಕೈಗೆ ಕೊಟ್ಟು ‘ನಾಳೆ ಬೆಳಿಗ್ಗೆ ನೀವು ಏನೇನು ತೆಗೆದುಕೊಳ್ಳುತ್ತೀರಿ, ತೋರಿಸಿ’ ಎಂದು ಕೇಳಿದ್ದರೆ ಒಂದೇ ಮಧ್ಯಾಹ್ನದಲ್ಲಿ ಇದೆಲ್ಲ ತಿಳಿಯುತ್ತಿತ್ತು.

ಈ ವಿಧಾನಕ್ಕೂ ಮಿತಿಗಳಿವೆ, ಅವನ್ನು ತಮ್ಮಿಂದ ಮರೆಮಾಚಿದರೆ ಅದು ಅನ್ಯಾಯ. ವಿಶ್ವ ಆರೋಗ್ಯ ಸಂಸ್ಥೆಯ 19 ಅಂಶಗಳ ಶಸ್ತ್ರಚಿಕಿತ್ಸಾ ಸುರಕ್ಷತಾ ಪಟ್ಟಿಯನ್ನು ಎಂಟು ನಗರಗಳ ಎಂಟು ಆಸ್ಪತ್ರೆಗಳಲ್ಲಿ ಬಳಸಿದಾಗ ಸಾವಿನ ಪ್ರಮಾಣ ಶೇ 1.5ರಿಂದ 0.8ಕ್ಕೆ ಇಳಿದದ್ದು 2009ರಲ್ಲಿ ವರದಿಯಾಯಿತು. ಅದೇ ಬಗೆಯ ಪಟ್ಟಿಯನ್ನು ಕೆನಡಾದ ಒಂಟಾರಿಯೊ ಪ್ರಾಂತ್ಯದ 101 ಆಸ್ಪತ್ರೆಗಳಲ್ಲಿ ಜಾರಿಗೆ ತಂದಾಗ ಗಮನಾರ್ಹ ಇಳಿಕೆ ಕಾಣಲಿಲ್ಲ ಎಂದು 2014ರ ಅಧ್ಯಯನ ಹೇಳಿತು. ಉತ್ತರ ಪ್ರದೇಶದ 120 ಆರೋಗ್ಯ ಕೇಂದ್ರಗಳಲ್ಲಿ ಸುರಕ್ಷಿತ ಹೆರಿಗೆಯ ಪಟ್ಟಿಯನ್ನು ತರಬೇತುದಾರರ ನೆರವಿನೊಂದಿಗೆ ಪರೀಕ್ಷಿಸಿದಾಗ ಹೆರಿಗೆ ಮಾಡಿಸುವವರ ಕೆಲಸದ ರೀತಿ ಸುಧಾರಿಸಿತು, ಆದರೆ ತಾಯಿ ಮತ್ತು ಶಿಶುಗಳ ಸಾವಿನಲ್ಲಿ ವ್ಯತ್ಯಾಸ ಕಾಣಲಿಲ್ಲ ಎಂಬುದು 2017ರಲ್ಲಿ ಪ್ರಕಟವಾಯಿತು. ಕಾಗದವೊಂದನ್ನು ಎಷ್ಟೇ ಚೆನ್ನಾಗಿ ರೂಪಿಸಿದರೂ ಸಿಬ್ಬಂದಿಯ ಕೊರತೆಯನ್ನು, ಸಿಗದ ರಕ್ತವನ್ನು, ತಡವಾಗಿ ಬರುವ ಆಂಬುಲೆನ್ಸನ್ನು ಅದು ತುಂಬಿಕೊಡಲಾರದು. ಇನ್ನೊಂದು ಕಡೆ, ಪೀಟರ್ ಪ್ರೊನೊವೋಸ್ಟ್ ನೇತೃತ್ವದಲ್ಲಿ ಮಿಷಿಗನ್ ರಾಜ್ಯದ ಐಸಿಯುಗಳಲ್ಲಿ ರಕ್ತನಾಳದ ಕೊಳವೆಯಿಂದಾಗುವ ಸೋಂಕು ಅಷ್ಟು ತೀವ್ರವಾಗಿ ಇಳಿದದ್ದು ಐದು ಅಂಶಗಳ ಪಟ್ಟಿಯಿಂದ ಮಾತ್ರವಲ್ಲ. ಬೇರೆ ಬೇರೆ ಕಡೆ ಹುಡುಕಬೇಕಾಗಿದ್ದ ಸಾಮಗ್ರಿಗಳನ್ನೆಲ್ಲ ಒಂದೇ ಗಾಡಿಯಲ್ಲಿ ಜೋಡಿಸಿಟ್ಟಿದ್ದು, ಹಂತ ತಪ್ಪಿದ ವೈದ್ಯರನ್ನು ತಡೆಯುವ ಅಧಿಕಾರವನ್ನು ನರ್ಸ್‌ಗಳಿಗೆ ಕೊಟ್ಟದ್ದು, ಸೋಂಕಿನ ಅಂಕಿಗಳನ್ನು ಪ್ರತಿ ಘಟಕಕ್ಕೂ ತಿಳಿಸುತ್ತಾ ಬಂದದ್ದು ಎಲ್ಲವೂ ಸೇರಿ ಅದು ಸಾಧ್ಯವಾಯಿತು. ಪಟ್ಟಿಯನ್ನು ನಕಲು ಮಾಡುವುದು ಸುಲಭ. ಅದು ಕೆಲಸ ಮಾಡಿದ ಕಾರಣವನ್ನು ತಿಳಿಯಲು ಅಧ್ಯಯನ ಬೇಕು.

ನನ್ನ ವೃತ್ತಿಯವರ ಬಗ್ಗೆಯೂ ಒಂದು ಮಾತು. ಒಂದು ದಿನದ ಕಾರ್ಯಾಗಾರ ನಡೆಸಿ, ಗೋಡೆಯ ತುಂಬ ಬಣ್ಣದ ಚೀಟಿಗಳನ್ನು ಅಂಟಿಸಿ, ಚೆಂದದ ವರದಿ ಕೊಟ್ಟು ಹೋಗುವವರಿದ್ದಾರೆ. ಅದಕ್ಕೆ ತಾವು ಹಣ ಕೊಡಬಾರದು. ರಾತ್ರಿ ಪಾಳಿಯನ್ನು ನೋಡದವರ, ಪರೀಕ್ಷಿಸಿದ ಮಾದರಿ ತೋರಿಸದವರ, ಬದಲಾವಣೆಗೆ ಮೊದಲು ಮತ್ತು ನಂತರದ ಅಳತೆ ಇಲ್ಲದವರ ವರದಿಯನ್ನು ಸ್ವೀಕರಿಸಬಾರದು. ಹಾಸಿಗೆಯ ಪಕ್ಕ ನಿಂತು ಗಮನಿಸುವಾಗ ರೋಗಿಯ ಒಪ್ಪಿಗೆ, ಖಾಸಗಿತನ, ನಿದ್ದೆಗೆ ಮೊದಲ ಗೌರವ ಸಲ್ಲಬೇಕು, ನೈತಿಕ ಸಮಿತಿಯ ಅನುಮತಿ ಔಷಧ ಪ್ರಯೋಗಕ್ಕೆ ಎಷ್ಟು ಅಗತ್ಯವೋ ಇದಕ್ಕೂ ಅಷ್ಟೇ ಅಗತ್ಯ.

ಇನ್ನು ತಮ್ಮಿಂದ ನಿರೀಕ್ಷಿಸುವುದನ್ನು ನೇರವಾಗಿ ಹೇಳುತ್ತೇನೆ. ಎಲ್ಲಕ್ಕಿಂತ ಮೊದಲು ಖರೀದಿಯ ನಿಯಮ ಬದಲಾಗಬೇಕು. ಪಂಪಾಗಲಿ, ಮಾನಿಟರಾಗಲಿ, ತಂತ್ರಾಂಶವಾಗಲಿ, ಅದನ್ನು ದಿನನಿತ್ಯ ಬಳಸುವ ನರ್ಸ್‌ಗಳು, ತಂತ್ರಜ್ಞರು, ಕಿರಿಯ ವೈದ್ಯರು ನೈಜ ಸನ್ನಿವೇಶದಲ್ಲಿ ಬಳಸಿ ನೋಡಿ, ಅವರು ಮಾಡಿದ ತಪ್ಪುಗಳ ದಾಖಲೆ ಕಡತದಲ್ಲಿ ಸೇರಿದ ನಂತರವೇ ಬೆಲೆಯ ಲಕೋಟೆ ತೆರೆಯಬೇಕು, ಆ ದಾಖಲೆಗೆ ಅಂಕಗಳಿರಬೇಕು. ತಂತ್ರಾಂಶದ ಒಪ್ಪಂದದಲ್ಲಿ ಅಳವಡಿಕೆಯ ನಂತರ ವಾರ್ಡಿನಲ್ಲಿ ಕಂಡುಬರುವ ಅಪಾಯಗಳನ್ನು ಗೊತ್ತಾದ ಅವಧಿಯೊಳಗೆ, ಹೆಚ್ಚುವರಿ ಶುಲ್ಕವಿಲ್ಲದೆ ಸರಿಪಡಿಸುವ ಷರತ್ತು ಇರಬೇಕು. ಇದು ಇಲ್ಲದಿದ್ದರೆ ಎಷ್ಟು ಸಂಶೋಧನೆ ಮಾಡಿದರೂ ‘ಕಂಪನಿಯವರು ಬದಲಾಯಿಸಲು ಒಪ್ಪುತ್ತಿಲ್ಲ’ ಎಂಬ ಉತ್ತರದೊಂದಿಗೆ ಎಲ್ಲವೂ ನಿಲ್ಲುತ್ತದೆ. ಪ್ರತಿ ವಿಚಾರಣಾ ಸಮಿತಿಯಲ್ಲೂ ‘ಮಾನವ ಅಂಶಗಳ’ ಅಧ್ಯಯನ, ಅಂದರೆ ಉಪಕರಣ ಮತ್ತು ಪರಿಸರ ಮನುಷ್ಯರ ಕೆಲಸದ ಮೇಲೆ ಬೀರುವ ಪ್ರಭಾವದ ಅಧ್ಯಯನ, ಬಲ್ಲ ಒಬ್ಬರಿರಬೇಕು, ಉಪಕರಣ, ಲೇಬಲ್, ಬೆಳಕು, ಸದ್ದು, ಪಾಳಿಯ ಅವಧಿ, ಕರ್ತವ್ಯದಲ್ಲಿದ್ದವರ ಸಂಖ್ಯೆ ಇವುಗಳನ್ನು ಪರಿಶೀಲಿಸದೆ ‘ನಿರ್ಲಕ್ಷ್ಯ’ ಎಂಬ ತೀರ್ಮಾನಕ್ಕೆ ಬರುವಂತಿಲ್ಲ ಎಂಬ ನಿಯಮವಿರಬೇಕು. ಬೇಕೆಂದೇ ಹಾನಿ ಮಾಡಿದವರನ್ನು, ಕುಡಿದು ಕೆಲಸಕ್ಕೆ ಬಂದವರನ್ನು ರಕ್ಷಿಸಿ ಎಂದು ನಾನು ಕೇಳುತ್ತಿಲ್ಲ.

ಕೂದಲೆಳೆಯಲ್ಲಿ ತಪ್ಪಿದ ಘಟನೆಗಳನ್ನು ಹೆಸರು ಹೇಳದೆ ವರದಿ ಮಾಡಲು ಒಂದು ದಾರಿ ಬೇಕು, ವರದಿ ಮಾಡಿದವರಿಗೆ ಅದರಿಂದ ಏನು ಬದಲಾಯಿತೆಂಬ ಉತ್ತರ ತಲುಪಬೇಕು. ಉತ್ತರ ಬಾರದ ಪೆಟ್ಟಿಗೆಗೆ ಎರಡನೆಯ ಬಾರಿ ಯಾರೂ ಚೀಟಿ ಹಾಕುವುದಿಲ್ಲ. ಸಂಶೋಧನೆಯಲ್ಲಿ ಪಾಲ್ಗೊಳ್ಳುವ ನರ್ಸ್‌ಗಳ ಹೊತ್ತನ್ನು ಕರ್ತವ್ಯದ ಹೊತ್ತೆಂದೇ ಪರಿಗಣಿಸಿ, ಅವರ ಜಾಗದಲ್ಲಿ ಬದಲಿ ಸಿಬ್ಬಂದಿಯನ್ನು ಹಾಕಬೇಕು. ಪಾಳಿ ಮುಗಿಸಿ ದಣಿದವರನ್ನು ಇನ್ನೊಂದು ಗಂಟೆ ಕೂರಿಸಿಕೊಂಡು ಸುರಕ್ಷತೆಯ ಬಗ್ಗೆ ಮಾತಾಡುವುದು ನಾಚಿಕೆಗೇಡು. ಸಮಯ ಕೊಡುವ ರೋಗಿಗಳಿಗೂ ಅವರ ಜೊತೆ ಬರುವವರಿಗೂ ಗೌರವಧನ ಸಲ್ಲಬೇಕು. ಫಲ ಕೊಡದ ಪ್ರಯೋಗಗಳನ್ನೂ ಪ್ರಕಟಿಸಬೇಕು, ಇಲ್ಲವಾದರೆ ಪಕ್ಕದ ಆಸ್ಪತ್ರೆ ಅದೇ ಪ್ರಯೋಗಕ್ಕೆ ಮತ್ತೆ ಹಣ ಸುರಿಯುತ್ತದೆ.

ಇದಕ್ಕೆಲ್ಲ ಹಣ ಎಲ್ಲಿದೆ ಎಂಬ ಪ್ರಶ್ನೆ ಬರುತ್ತದೆಂದು ಬಲ್ಲೆ. ಆರಂಭಕ್ಕೆ ಹೊಸ ಕಟ್ಟಡವೂ ಬೇಡ, ಹೊಸ ಇಲಾಖೆಯೂ ಬೇಡ. ಒಂದು ಆಸ್ಪತ್ರೆಯಲ್ಲಿ ಒಬ್ಬ ಸಂಶೋಧಕರು, ಅವರೊಡನೆ ಕೆಲಸ ಮಾಡಲು ಬಿಡುವು ಪಡೆದ ಒಬ್ಬ ಅನುಭವಿ ನರ್ಸ್, ಮಾದರಿ ತಯಾರಿಸಲು ಒಂದು ಚಿಕ್ಕ ಕೊಠಡಿ, ಮುಖ್ಯಸ್ಥರ ಕೋಣೆಗೆ ನೇರ ಪ್ರವೇಶ, ಇಷ್ಟಿದ್ದರೆ ಸಾಕು. ಮೊದಲ ಕೆಲಸವಾಗಿ ಔಷಧದ ಕೊಠಡಿಯನ್ನು ಅವರಿಗೆ ಒಪ್ಪಿಸಿ. ಹೋಲುವ ಹೆಸರಿನ ಔಷಧಗಳು ಎಲ್ಲಿ ಅಕ್ಕಪಕ್ಕ ಕುಳಿತಿವೆ, ನೇರವಾಗಿ ರಕ್ತನಾಳಕ್ಕೆ ಹೋದರೆ ಹೃದಯವನ್ನೇ ನಿಲ್ಲಿಸಬಲ್ಲ ಸಾಂದ್ರ ಪೊಟ್ಯಾಸಿಯಂ ಕ್ಲೋರೈಡ್ ಇನ್ನೂ ಸಾಮಾನ್ಯ ವಾರ್ಡಿನ ಕಪಾಟಿನಲ್ಲಿ ಏಕಿದೆ, 0.5 ಎಂದು ಬರೆಯಬೇಕಾದಲ್ಲಿ ಸೊನ್ನೆ ಬಿಟ್ಟು, 5 ಎಂದು ಓದಿಕೊಳ್ಳುವಂತೆ ಬರೆದ ಚೀಟಿಗಳೆಷ್ಟು ಎಂಬುದನ್ನು ಅವರು ಕೆಲವೇ ವಾರಗಳಲ್ಲಿ ತಮ್ಮ ಮುಂದಿಡಬಲ್ಲರು.

ಮುಂದಿನ ಆಯವ್ಯಯದ ಸಿದ್ಧತೆ ಆರಂಭವಾಗುವ ಮುನ್ನ ತಾವು ಈ ಬಗ್ಗೆ ಸಭೆ ಕರೆಯಬೇಕೆಂದೂ, ಆ ಸಭೆಗೆ ವಿಭಾಗಗಳ ಮುಖ್ಯಸ್ಥರನ್ನಷ್ಟೇ ಅಲ್ಲದೆ ರಾತ್ರಿ ಪಾಳಿಯ ಇಬ್ಬರು ನರ್ಸ್‌ಗಳನ್ನೂ, ಒಬ್ಬ ಔಷಧ ವಿತರಕರನ್ನೂ, ಇತ್ತೀಚೆಗೆ ಬಿಡುಗಡೆಯಾದ ಇಬ್ಬರು ರೋಗಿಗಳನ್ನೂ ಆಹ್ವಾನಿಸಿ, ಮೊದಲು ಮಾತಾಡುವ ಅವಕಾಶವನ್ನು ಅವರಿಗೇ ಕೊಡಬೇಕೆಂದೂ ವಿನಂತಿಸುತ್ತೇನೆ.

ವಿಶ್ವಾಸದಿಂದ,
ಆಸ್ಪತ್ರೆಗಳಲ್ಲಿ ಕೆಲಸ ಮಾಡುವ ಒಬ್ಬ ವಿನ್ಯಾಸ ಸಂಶೋಧಕಿ